ಇನ್ನೇನು ಬೇಕು ನಿಮಗೆ?

ಮಾರ್ಚ್ 8 ಬಂತೆಂದರೆ ನಮ್ಮೂರಿನ ಮಹಿಳಾ ಸಮಾಜದಲ್ಲಿ ಒಂದು ಸಭೆ ಆಗಲೇಬೇಕು. ಬೆಳಿಗ್ಗೆ ರಂಗೋಲಿ ಸ್ಪರ್ಧೆ, ಮಧ್ಯಾಹ್ನ ಮ್ಯೂಸಿಕಲ್ ಚೇರ್, ಸಂಜೆ ಪ್ರಾರ್ಥನೆ, ಸ್ವಾಗತ, ಭಾಷಣ, ವಂದನಾರ್ಪಣೆ. ರಂಗೋಲಿ ಹಾಕುವುದರಿಂದ ಹಿಡಿದು ಕುರ್ಚಿ ಜೋಡಿಸುವವರೆಗೆ ಎಲ್ಲವನ್ನೂ ನಾವೇ ಮಾಡುತ್ತೇವೆ. ಭಾಷಣಕ್ಕೆ ಮಾತ್ರ ಗಂಡಸರೊಬ್ಬರನ್ನು ಕರೆಯುತ್ತೇವೆ. ಯಾಕೆ ಹಾಗೆ ಎಂದು ನಾನು ಕೇಳಿದ್ದುಂಟು. "ಮೊದಲಿನಿಂದಲೂ ಹಾಗೇ ನಡೆದುಕೊಂಡು ಬಂದಿದೆ ಮೇಡಂ" ಎಂಬುದು ಉತ್ತರ.

ಕಳೆದ ಸಲ ಬಂದ ಅತಿಥಿಗಳು ಓದಿಕೊಂಡವರು, ಒಳ್ಳೆಯ ಮಾತುಗಾರರು. ವಿಷಯ "ಮಹಿಳೆ ಮತ್ತು ವಿಜ್ಞಾನ". ನಮ್ಮ ದೇಶದ ವಿಜ್ಞಾನಿ ಬಿಭಾ ಚೌಧುರಿಯವರ ಹೆಸರನ್ನು ಒಂದು ನಕ್ಷತ್ರಕ್ಕೆ ಇಟ್ಟಿದ್ದಾರೆ, ಆ ನಕ್ಷತ್ರವನ್ನು ಸುತ್ತುವ ಗ್ರಹಕ್ಕೆ ಸಂತಮಸ ಎಂದು ಸಂಸ್ಕೃತದ ಹೆಸರು ಸಿಕ್ಕಿದೆ ಎಂದು ಹೇಳಿದರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮಾತಿನ ಭರದಲ್ಲಿ ಮುಂದುವರಿದರು. "ಗ್ರಹ ಸೂರ್ಯನನ್ನು ಸುತ್ತುತ್ತದೆ, ಗೃಹಿಣಿ ಮನೆಯನ್ನು ಸುತ್ತುತ್ತಾಳೆ. ಅದು ಸೃಷ್ಟಿಯ ನಿಯಮ. ಸೂರ್ಯ ಅಲ್ಲಾಡಿದರೆ ಲೋಕ ಉಳಿದೀತೇ? ಆಕಾಶದಲ್ಲೇ ಹೆಣ್ಣಿನ ಹೆಸರು ಬರೆದಾಯಿತು. ತಾಯಂದಿರೇ, ಇನ್ನೇನು ಬೇಕು ನಿಮಗೆ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಸುಳ್ಳೇಕೆ ಹೇಳಲಿ, ನಾನೂ ತಟ್ಟಿದೆ. ಮೂವತ್ತು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ಎದ್ದು ನಿಂತು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅತಿಥಿಗಳಿಗೆ ಶಾಲು ಹೊದಿಸಿ ಕಳಿಸಿ, ಕುರ್ಚಿ ಮಡಚಿಟ್ಟು ಮನೆಗೆ ಬಂದಮೇಲೆ ಆ ಪ್ರಶ್ನೆ ಕಿವಿಯಲ್ಲೇ ಉಳಿಯಿತು. ಇನ್ನೇನು ಬೇಕು ನಿಮಗೆ? ಉತ್ತರವಿಲ್ಲದ ಪ್ರಶ್ನೆ ಎಂದು ಅವರು ಕೇಳಿದ್ದು. ಉತ್ತರ ಇದೆ, ಉದ್ದವಾಗಿಯೇ ಇದೆ. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಗ್ರಹದ ವಿಷಯ ಸರಿಯಾಗಿ ತಿಳಿಯೋಣ. ತಿಳಿಯದೆ ಚಪ್ಪಾಳೆ ತಟ್ಟುವುದು ಬೇಡ.

ಸಿಂಹ ರಾಶಿಯ ದಕ್ಷಿಣಕ್ಕೆ ಸೆಕ್ಸ್‌ಟನ್ಸ್ ಎಂಬ ಮಂಕು ನಕ್ಷತ್ರಪುಂಜವಿದೆ. ಬಿಭಾ ನಕ್ಷತ್ರ ಇರುವುದು ಅಲ್ಲಿ. ಬರಿಗಣ್ಣಿಗೆ ಕಾಣುವುದಿಲ್ಲ, ಸಣ್ಣ ದೂರದರ್ಶಕವಾದರೂ ಬೇಕು. ನಮ್ಮಿಂದ ಸುಮಾರು 340 ಜ್ಯೋತಿರ್ವರ್ಷ ದೂರ. ಎಂದರೆ, ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಆಳುತ್ತಿದ್ದಾಗ ಅಲ್ಲಿಂದ ಹೊರಟ ಬೆಳಕು ಈಗ ನಮ್ಮನ್ನು ಮುಟ್ಟುತ್ತಿದೆ. ನಮ್ಮ ಸೂರ್ಯನ ಜಾತಿಯದೇ ನಕ್ಷತ್ರ, ಸೂರ್ಯನಿಗಿಂತ ತುಸು ದೊಡ್ಡದು. ಅದರ ಗ್ರಹ ಸಂತಮಸ ಮಾತ್ರ ನಮ್ಮ ಮನೆಯ ಯಾವ ಗ್ರಹದಂತೆಯೂ ಇಲ್ಲ. ನಮ್ಮ ಗುರುಗ್ರಹದ ಕನಿಷ್ಠ ಒಂದೂವರೆಯಷ್ಟು ದ್ರವ್ಯರಾಶಿ. ಗುರು ಸೂರ್ಯನಿಂದ ಬಲು ದೂರ, ತಣ್ಣಗೆ, ಒಂದು ಸುತ್ತು ಬರಲು ಹನ್ನೆರಡು ವರ್ಷ ತೆಗೆದುಕೊಳ್ಳುತ್ತಾನೆ. ಸಂತಮಸ ತನ್ನ ನಕ್ಷತ್ರಕ್ಕೆ ಅಂಟಿಕೊಂಡೇ ಇದೆ ಎನ್ನಬೇಕು. ನಡುವಿನ ಅಂತರ 50 ಲಕ್ಷ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಅಷ್ಟೆ. ಸೂರ್ಯನಿಗೆ ಅತಿ ಹತ್ತಿರದವನೆಂದು ನಾವು ಮಕ್ಕಳಿಗೆ ಹೇಳಿಕೊಡುವ ಬುಧನ ದೂರದಲ್ಲಿ ಹತ್ತನೇ ಒಂದು ಪಾಲೂ ಅಲ್ಲ. ಒಂದು ಸುತ್ತಿಗೆ ಎರಡು ದಿನ, ಮೂರು ಗಂಟೆ, ಮೇಲೆ ಕೆಲವು ನಿಮಿಷ. ಭಾನುವಾರ ಬೆಳಿಗ್ಗೆ ಅಲ್ಲಿ ಯುಗಾದಿ ಮಾಡಿದರೆ ಮಂಗಳವಾರ ಮಧ್ಯಾಹ್ನ ಮತ್ತೊಂದು ಯುಗಾದಿ! ಲೆಕ್ಕದ ಪ್ರಕಾರ ಅಲ್ಲಿಯ ಬಿಸಿ ಸಾವಿರ ಡಿಗ್ರಿ ಸೆಲ್ಸಿಯಸ್ ಮೀರಬೇಕು. ಇಷ್ಟು ಹತ್ತಿರದ ಗ್ರಹಗಳು ಸಾಮಾನ್ಯವಾಗಿ ಒಂದೇ ಮುಖವನ್ನು ನಕ್ಷತ್ರದ ಕಡೆ ತಿರುಗಿಸಿಕೊಂಡು ಸುತ್ತುತ್ತವೆ. ಅಲ್ಲಿ ಒಂದು ಕಡೆ ಮುಗಿಯದ ಹಗಲು, ಇನ್ನೊಂದು ಕಡೆ ಮುಗಿಯದ ರಾತ್ರಿ. ಇಂಥವನ್ನು ವಿಜ್ಞಾನಿಗಳು "ಬಿಸಿ ಗುರು" ಎಂದು ಕರೆಯುತ್ತಾರೆ.

ಇಂಥ ಗ್ರಹ ಇರಬಹುದೆಂದು 1995ರವರೆಗೆ ಹೆಚ್ಚಿನ ವಿಜ್ಞಾನಿಗಳು ಒಪ್ಪಿರಲಿಲ್ಲ. ದೊಡ್ಡ ಗ್ರಹ ಎಂದಮೇಲೆ ನಕ್ಷತ್ರದಿಂದ ದೂರದಲ್ಲೇ ಇರಬೇಕು ಎಂದು ತಿಳಿದಿದ್ದರು. ಯಾಕೆ? ನಮ್ಮ ಸೌರಮಂಡಲದಲ್ಲಿ ಹಾಗಿದೆ, ಅದಕ್ಕೆ. ನಮ್ಮ ಮನೆಯಲ್ಲಿ ಹೀಗೆ, ಆದ್ದರಿಂದ ಲೋಕವೆಲ್ಲ ಹೀಗೇ ಇರಬೇಕು! ಈ ತರ್ಕ ನಮಗೆ ಹೊಸದಲ್ಲ, ಅತ್ತೆಯ ಮನೆಗೆ ಕಾಲಿಟ್ಟ ದಿನದಿಂದ ಕೇಳುತ್ತಿದ್ದೇವೆ. ಆಟೋ ಸ್ಟ್ರೂವ ಎಂಬ ಖಗೋಳ ವಿಜ್ಞಾನಿ 1952ರಲ್ಲೇ ಹೇಳಿದ್ದರು, ದೊಡ್ಡ ಗ್ರಹಗಳು ನಕ್ಷತ್ರಕ್ಕೆ ತೀರ ಹತ್ತಿರವೂ ಇರಬಹುದು, ಹುಡುಕಿದರೆ ಸಿಕ್ಕಾವು ಎಂದು. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಲವತ್ತಮೂರು ವರ್ಷ ಕಳೆದ ಮೇಲೆ ಸ್ವಿಟ್ಜರ್ಲೆಂಡಿನ ಮಿಶೆಲ್ ಮೇಯರ್ ಮತ್ತು ಅವರ ಶಿಷ್ಯ ದಿದಿಯೇ ಕೆಲೋ, ಪೆಗಸಸ್ ನಕ್ಷತ್ರಪುಂಜದಲ್ಲಿ ಸೂರ್ಯನಂಥ ನಕ್ಷತ್ರವೊಂದರ ಸುತ್ತ ನಾಲ್ಕು ದಿನಕ್ಕೊಂದು ಸುತ್ತು ಹಾಕುವ ದೈತ್ಯ ಗ್ರಹವನ್ನು ಕಂಡುಹಿಡಿದರು. ಆಮೇಲೆ ಅಂಥವು ಒಂದರ ಹಿಂದೆ ಒಂದು ಸಿಗತೊಡಗಿದವು. ಹಾಗೆ 2006ರಲ್ಲಿ ಹವಾಯಿ ದ್ವೀಪದ ಕೆಕ್ ದೂರದರ್ಶಕದಿಂದ ಸಿಕ್ಕಿದ್ದು ನಮ್ಮ ಈ ಸಂತಮಸ. ಅದನ್ನು ಪತ್ತೆ ಮಾಡಿದ ಯೋಜನೆಯ ಮುಂದಾಳು ಡೆಬ್ರಾ ಫಿಶರ್ ಎಂಬ ಮಹಿಳೆ. ನಮ್ಮ ಅತಿಥಿಗಳ ಭಾಷಣದಲ್ಲಿ ಈ ಹೆಸರು ಬರಲಿಲ್ಲ.

ಈಗ ಆ "ಸೃಷ್ಟಿಯ ನಿಯಮ"ಕ್ಕೆ ಬರುತ್ತೇನೆ. ಗ್ರಹ ಸುತ್ತುತ್ತದೆ, ಸೂರ್ಯ ಅಲ್ಲಾಡುವುದಿಲ್ಲ ಎಂದರಲ್ಲ, ಆ ಮಾತು ತಪ್ಪು. ಉಪಮೆಯಾಗಿಯೂ ತಪ್ಪು, ವಿಜ್ಞಾನವಾಗಿಯೂ ತಪ್ಪು.

ಸಂತಮಸವನ್ನು ಈವರೆಗೆ ಯಾರೂ ಕಣ್ಣಾರೆ ನೋಡಿಲ್ಲ. ನಕ್ಷತ್ರದ ಬೆಳಕಿನ ಮುಂದೆ ಅದು ಕಾಣುವುದೇ ಇಲ್ಲ. ಹಾಗಾದರೆ ಇದೆಯೆಂದು ಗೊತ್ತಾದದ್ದು ಹೇಗೆ? ನಕ್ಷತ್ರ ಅಲ್ಲಾಡುತ್ತಿದ್ದುದರಿಂದ! ನಕ್ಷತ್ರ ಗ್ರಹವನ್ನು ಎಳೆಯುತ್ತದೆ, ಗ್ರಹವೂ ನಕ್ಷತ್ರವನ್ನು ಎಳೆಯುತ್ತದೆ. ಎರಡೂ ಸುತ್ತುವುದು ಇಬ್ಬರ ನಡುವಿನ ಒಂದು ಸಮತೂಕದ ಬಿಂದುವನ್ನು. ನಕ್ಷತ್ರ ಭಾರವಾದ್ದರಿಂದ ಅದರ ಸುತ್ತು ಚಿಕ್ಕದು, ಗ್ರಹದ ಸುತ್ತು ದೊಡ್ಡದು. ಆದರೆ ನಿಂತವರು ಯಾರೂ ಇಲ್ಲ. ನಮ್ಮ ಬಂಗಾರಪೇಟೆ ಜಂಕ್ಷನ್ನಿನಲ್ಲಿ ನಿಂತು ನೋಡಿ. ನಿಲ್ಲದೆ ಹೋಗುವ ರೈಲು ಹತ್ತಿರ ಬರುವಾಗ ಸೀಟಿಯ ದನಿ ಏರುತ್ತದೆ, ದಾಟಿ ಹೋಗುವಾಗ ಇಳಿಯುತ್ತದೆ. ಬೆಳಕೂ ಹಾಗೆಯೇ. ನಕ್ಷತ್ರ ನಮ್ಮ ಕಡೆ ಬರುವಾಗ ಅದರ ಬೆಳಕು ತುಸು ನೀಲಿಯ ಕಡೆ, ದೂರ ಸರಿಯುವಾಗ ತುಸು ಕೆಂಪಿನ ಕಡೆ ವಾಲುತ್ತದೆ. ಕಣ್ಣಿಗೆ ಗೊತ್ತಾಗದು, ಉಪಕರಣಕ್ಕೆ ಗೊತ್ತಾಗುತ್ತದೆ. ಬಿಭಾ ನಕ್ಷತ್ರ ಎರಡು ದಿನಕ್ಕೊಮ್ಮೆ ಹೀಗೆ ಹಿಂದೆ ಮುಂದೆ ಓಲಾಡುವುದು ಕಂಡಿತು. ಆ ಓಲಾಟದ ವೇಗ ಸೆಕೆಂಡಿಗೆ ಸುಮಾರು 200 ಮೀಟರ್! ನಮ್ಮ ಗುರುಗ್ರಹವೂ ಸೂರ್ಯನನ್ನು ಸೆಕೆಂಡಿಗೆ ಹನ್ನೆರಡು ಮೀಟರಿನಷ್ಟು ವೇಗದಲ್ಲಿ ಅಲ್ಲಾಡಿಸುತ್ತಲೇ ಇದೆ. ಲೋಕ ಉಳಿದಿದೆ.

ಆದ್ದರಿಂದ ಅತಿಥಿಗಳೇ, ಗೃಹಿಣಿಯನ್ನು ಗ್ರಹಕ್ಕೆ ಹೋಲಿಸುವುದಾದರೆ ಪೂರ್ತಿ ಹೋಲಿಸಿ. ಮನೆಯ ಯಜಮಾನ ಗಟ್ಟಿಯಾಗಿ ನಿಂತಿದ್ದಾನೆಂದು ನಿಮಗೆ ಕಾಣುವುದು ನೀವು ಅಳತೆ ಮಾಡದೆ ಇರುವುದರಿಂದ. ಅವಳು ನಾಲ್ಕು ದಿನ ತವರಿಗೆ ಹೋಗಲಿ, ಯಾರು ಎಷ್ಟು ಅಲ್ಲಾಡುತ್ತಾರೆ ಎಂಬುದು ಗೊತ್ತಾಗುತ್ತದೆ. ಖಗೋಳ ವಿಜ್ಞಾನಿಗಳು ಕಾಣದ ಗ್ರಹದ ತೂಕವನ್ನು, ಅದು ಕಾಣುವ ನಕ್ಷತ್ರಕ್ಕೆ ಮಾಡುವ ಕೆಲಸದಿಂದ ಲೆಕ್ಕ ಹಾಕುತ್ತಾರೆ. ಹೆಂಗಸಿನ ದುಡಿಮೆಯನ್ನು ಆ ಪ್ರಾಮಾಣಿಕತೆಯಿಂದ ಅಳೆದವರು ನಮ್ಮಲ್ಲಿ ಎಷ್ಟು ಮಂದಿ?

ಅಳೆಯದೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಆ ನಕ್ಷತ್ರದ ಹೆಸರೇ ಸಾಕ್ಷಿ. ಬಿಭಾ ಚೌಧುರಿ ಎಂದರೆ ಯಾರು? ಸಭೆಯಲ್ಲಿ ನಮ್ಮ ಪಕ್ಕದಲ್ಲಿ ಕೂತವರನ್ನು ಕೇಳಿದ್ದರೆ ಒಬ್ಬರಿಗೂ ಗೊತ್ತಿರಲಿಲ್ಲ. ಹೇಳುತ್ತೇನೆ, ಕೇಳಿ.

ಹುಟ್ಟಿದ್ದು 1913ರಲ್ಲಿ, ಕಲ್ಕತ್ತೆಯಲ್ಲಿ. ಬಂಗಾಳಿಯವರ ಬಿಭಾ ನಮ್ಮ ವಿಭಾ. ಬೆಳಕು ಎಂದು ಅರ್ಥ. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದಾಗ ಆ ತರಗತಿಯಲ್ಲಿ ಅವರೊಬ್ಬರೇ ಹೆಣ್ಣು. ಆಮೇಲೆ ಬೋಸ್ ಸಂಸ್ಥೆಯಲ್ಲಿ ದೇವೇಂದ್ರ ಮೋಹನ್ ಬೋಸ್ ಅವರೊಡನೆ ಸಂಶೋಧನೆ. ಆಕಾಶದಿಂದ ಸದಾ ಸುರಿಯುತ್ತಿರುವ ವಿಶ್ವಕಿರಣಗಳಲ್ಲಿ ಯಾವ ಯಾವ ಕಣಗಳಿವೆ ಎಂಬುದು ಪ್ರಶ್ನೆ. ಅದಕ್ಕೆ ಅವರು ಹಿಡಿದ ದಾರಿ ಸರಳ. ಫೋಟೋ ತೆಗೆಯಲು ಬಳಸುವಂಥ ಗಾಜಿನ ಪ್ಲೇಟುಗಳನ್ನು ಡಾರ್ಜಿಲಿಂಗ್, ಸಂದಕ್‌ಫೂ ಮುಂತಾದ ಎತ್ತರದ ಬೆಟ್ಟಗಳ ಮೇಲೆ ತಿಂಗಳುಗಟ್ಟಲೆ ಇಡುವುದು. ಕಣ ಪ್ಲೇಟಿನೊಳಗೆ ಹಾದುಹೋದರೆ ಲೇಪದಲ್ಲಿ ಅದರ ಜಾಡು ಮೂಡುತ್ತದೆ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ಜಾಡನ್ನು ನೋಡಿ, ಅಳೆದು, ಕಣದ ತೂಕ ಲೆಕ್ಕ ಹಾಕುವುದು. ಎಲೆಕ್ಟ್ರಾನಿಗಿಂತ ಭಾರ, ಪ್ರೋಟಾನಿಗಿಂತ ಹಗುರವಾದ ಮೆಸಾನ್ ಕಣಗಳ ಜಾಡು ಅವರಿಗೆ ಸಿಕ್ಕಿತು. ಪ್ರಸಿದ್ಧವಾದ "ನೇಚರ್" ಪತ್ರಿಕೆಯಲ್ಲಿ 1941-42ರಲ್ಲಿ ಇಬ್ಬರ ಲೇಖನಗಳು ಬಂದವು.

ಆದರೆ ಅವರ ಬಳಿ ಇದ್ದವು ಅರೆ ಸಾಮರ್ಥ್ಯದ ಪ್ಲೇಟುಗಳು. ಕಣದ ತೂಕವನ್ನು ನಿಖರವಾಗಿ ಹೇಳಲು ಅವು ಸಾಲುತ್ತಿರಲಿಲ್ಲ. ಒಳ್ಳೆಯ ಪ್ಲೇಟು ಬೇಕಿತ್ತು. ಯುದ್ಧದ ಕಾಲ, ಕಲ್ಕತ್ತೆಗೆ ಒಳ್ಳೆಯ ಪ್ಲೇಟು ಬರಲಿಲ್ಲ. ಇಂಗ್ಲೆಂಡಿನಲ್ಲಿ ಸೆಸಿಲ್ ಪೊವೆಲ್ ಅವರಿಗೆ ಸುಧಾರಿಸಿದ ಪ್ಲೇಟುಗಳು ಸಿಕ್ಕವು. ಅದೇ ಬಗೆಯ ವಿಧಾನದಿಂದ 1947ರಲ್ಲಿ ಅವರ ತಂಡ ಪೈ-ಮೆಸಾನ್ ಕಣವನ್ನು ಖಚಿತವಾಗಿ ಕಂಡುಹಿಡಿಯಿತು. 1950ರಲ್ಲಿ ಅವರಿಗೆ ನೊಬೆಲ್ ಬಂತು. ಬೋಸ್-ಚೌಧುರಿ ಈ ವಿಧಾನದಲ್ಲಿ ಮೊದಲು ನಡೆದವರೆಂದು ಪೊವೆಲ್ ತಮ್ಮ ಪುಸ್ತಕದಲ್ಲಿ ನೆನೆದಿದ್ದಾರೆ.

ನೊಬೆಲ್ಲನ್ನು ಯಾರೋ ಕದ್ದರು ಎಂದು ನಾನು ಹೇಳುತ್ತಿಲ್ಲ. ಪೊವೆಲ್ ತಂಡ ಕೆಲಸ ಮಾಡಿಯೇ ಪಡೆದದ್ದು. ನಾನು ಹೇಳುವುದು ಇಷ್ಟೆ. ಬಿಭಾ ಅವರಲ್ಲಿ ಬುದ್ಧಿಗೆ ಕೊರತೆಯಿರಲಿಲ್ಲ, ಧೈರ್ಯಕ್ಕೆ ಕೊರತೆಯಿರಲಿಲ್ಲ, ಬೆಟ್ಟ ಹತ್ತುವುದಕ್ಕೆ ಸೋಮಾರಿತನವಿರಲಿಲ್ಲ. ಕೊರತೆಯಾದದ್ದು ಒಂದು ಸಾಮಾನು, ಗಾಜಿನ ಪ್ಲೇಟು.

ಅವರು ಅಲ್ಲಿಗೆ ಕೈಬಿಡಲಿಲ್ಲ. ಇಂಗ್ಲೆಂಡಿಗೆ ಹೋಗಿ ಮ್ಯಾಂಚೆಸ್ಟರಿನಲ್ಲಿ ಪ್ಯಾಟ್ರಿಕ್ ಬ್ಲಾಕೆಟ್ ಅವರ ಪ್ರಯೋಗಾಲಯದಲ್ಲಿ ಡಾಕ್ಟರೇಟ್ ಮಾಡಿದರು. ಹಿಂತಿರುಗಿ ಹೋಮಿ ಭಾಭಾ ಅವರ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. ಅಲ್ಲಿಯ ಮೊದಲ ಮಹಿಳಾ ಸಂಶೋಧಕಿ ಅವರೇ. ಆಮೇಲೆ ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯ. ವಿಕ್ರಮ್ ಸಾರಾಭಾಯಿ 1971ರಲ್ಲಿ ತೀರಿಕೊಂಡ ಮೇಲೆ, ಮುಂದೆ ಮಾಡಬೇಕೆಂದಿದ್ದ ಪ್ರಯೋಗ ಅಲ್ಲಿ ಕೈಗೂಡಲಿಲ್ಲ. ಸ್ವಯಂ ನಿವೃತ್ತಿ ಪಡೆದು ಕಲ್ಕತ್ತೆಗೆ ಮರಳಿದರು. ಕೊನೆಯವರೆಗೂ ಸಂಶೋಧನೆ ಬಿಡಲಿಲ್ಲ. 1991ರಲ್ಲಿ ತೀರಿಕೊಂಡರು. ಬದುಕಿದ್ದಾಗ ಒಂದು ರಾಷ್ಟ್ರೀಯ ಪ್ರಶಸ್ತಿ ಬರಲಿಲ್ಲ, ದೇಶದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಎಂದು ಆರಿಸಲಿಲ್ಲ. ಅವರ ಬಗ್ಗೆ ಒಂದು ಜೀವನಚರಿತ್ರೆ ಬಂದದ್ದು 2018ರಲ್ಲಿ. ಮರುವರ್ಷ, 2019ರ ಡಿಸೆಂಬರಿನಲ್ಲಿ, ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ನೂರನೇ ವರ್ಷದ ನೆನಪಿಗೆ ನೂರಕ್ಕೂ ಹೆಚ್ಚು ದೇಶಗಳಿಗೆ ಒಂದೊಂದು ನಕ್ಷತ್ರ, ಒಂದೊಂದು ಗ್ರಹಕ್ಕೆ ಹೆಸರಿಡುವ ಅವಕಾಶ ಸಿಕ್ಕಾಗ, ನಮ್ಮ ದೇಶದ ಪಾಲಿನ ನಕ್ಷತ್ರ ಬಿಭಾ ಆಯಿತು. ಅದೇ ಡಿಸೆಂಬರಿನಲ್ಲಿ ಮೇಯರ್ ಮತ್ತು ಕೆಲೋ ಸ್ಟಾಕ್‌ಹೋಮಿನಲ್ಲಿ ನೊಬೆಲ್ ಪಡೆದರು, ತಾವು ಕಂಡ ಮೊದಲ ಬಿಸಿ ಗುರುವಿಗಾಗಿ. ಬದುಕಿರುವಾಗ, ಕೈಯಾರೆ.

ಹೆಸರಿಟ್ಟದ್ದು ತಪ್ಪೆಂದು ನಾನು ಹೇಳಿದರೆ ಕೃತಘ್ನಳಾದೇನು. ಆ ಹೆಸರನ್ನು ಸೂಚಿಸಿದವರು ವಿದ್ಯಾರ್ಥಿಗಳು, ಆರಿಸಿದ್ದು ಜನರ ಮತ. ಎಳೆಯರು ಹಿರಿಯರ ಮರೆವನ್ನು ತಿದ್ದಿದರು. ಅವರಿಗೆ ನಮಸ್ಕಾರ. ನನ್ನ ಜಗಳ ಹೆಸರಿಟ್ಟವರ ಜೊತೆಗಲ್ಲ, ಹೆಸರನ್ನು ತೋರಿಸಿ "ಇನ್ನೇನು ಬೇಕು" ಎನ್ನುವವರ ಜೊತೆಗೆ. ಬದುಕಿದ್ದಾಗ ಪ್ಲೇಟು ಸಿಗಲಿಲ್ಲ, ಸತ್ತು ಇಪ್ಪತ್ತೆಂಟು ವರ್ಷಕ್ಕೆ ನಕ್ಷತ್ರ ಸಿಕ್ಕಿತು. ಅದೂ ಬರಿಗಣ್ಣಿಗೆ ಕಾಣದ್ದು. ಇದನ್ನು ಲೆಕ್ಕ ಚುಕ್ತಾ ಎಂದು ಬರೆದುಕೊಳ್ಳಲು ನಾನು ಒಪ್ಪುವುದಿಲ್ಲ. ಅಷ್ಟಕ್ಕೂ ಹೆಂಗಸನ್ನು ಮೇಲಕ್ಕೆ ಏರಿಸಿಬಿಡುವುದು ನಮ್ಮಲ್ಲಿ ಹಳೆಯ ವಿದ್ಯೆ. ದೇವಿ ಎಂದು ಪೀಠಕ್ಕೆ ಏರಿಸುತ್ತೇವೆ, ಮುತ್ತೈದೆ ಎಂದು ಫೋಟೋಕ್ಕೆ ಹಾರ ಹಾಕುತ್ತೇವೆ. ಮೇಲಕ್ಕೆ ಏರಿಸಿದರೆ ಒಂದು ಅನುಕೂಲ. ಅಲ್ಲಿಂದ ಅವಳು ಏನನ್ನೂ ಕೇಳಲಾರಳು.

ಈಗ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಊರಿಗೆಲ್ಲ ಬುದ್ಧಿ ಹೇಳುವ ಹಕ್ಕು ನನಗಿಲ್ಲ.

ಬಿಭಾ ಚೌಧುರಿಯವರು ಅಹಮದಾಬಾದಿನಲ್ಲಿದ್ದಾಗ ಕೆಲಸ ಮಾಡಿದ ಪ್ರಯೋಗಗಳಲ್ಲಿ ನಮ್ಮ ಕೋಲಾರ ಚಿನ್ನದ ಗಣಿಯವೂ ಸೇರಿವೆ. ವಿಶ್ವಕಿರಣಗಳಲ್ಲಿ ತೀರ ನುಸುಳುವಂಥವನ್ನು ಮಾತ್ರ ಹಿಡಿಯಬೇಕಾದರೆ ಬೆಟ್ಟ ಹತ್ತಿದರೆ ಸಾಲದು, ನೆಲದೊಳಗೆ ಇಳಿಯಬೇಕು. ಮೇಲಿನ ಬಂಡೆ ಮಿಕ್ಕ ಕಣಗಳನ್ನೆಲ್ಲ ತಡೆದು ಜರಡಿ ಹಿಡಿಯುತ್ತದೆ. ಅದಕ್ಕೆ ನಮ್ಮ ಗಣಿಗಿಂತ ಒಳ್ಳೆಯ ಜಾಗ ಲೋಕದಲ್ಲೇ ಅಪರೂಪ. 1965ರಲ್ಲಿ ಇಲ್ಲಿಯೇ, 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವನ್ನು ಭಾರತ, ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳು ಸೇರಿ ಪತ್ತೆ ಮಾಡಿದ್ದರು.

ನಾನು ಪಾಠ ಮಾಡುತ್ತಿದ್ದ ಶಾಲೆಯಿಂದ ಆ ಗಣಿಗೆ ಮಾರಿಕುಪ್ಪಂ ರೈಲಿನಲ್ಲಿ ಕೂತರೆ ಅರ್ಧ ಗಂಟೆಯ ದಾರಿ. ನನ್ನ ಮುಂದೆ ಕೂರುತ್ತಿದ್ದ ಹುಡುಗಿಯರಲ್ಲಿ ಗಣಿ ಕೆಲಸಗಾರರ ಮಕ್ಕಳೂ ಇದ್ದರು. ವಿಜ್ಞಾನಿಗಳ ಬಗ್ಗೆ ಹೇಳುವಾಗ ನ್ಯೂಟನ್, ಐನ್‌ಸ್ಟೈನ್, ರಾಮನ್. ಹೆಂಗಸರ ಹೆಸರು ಬೇಕೆಂದಾಗ ಮೇರಿ ಕ್ಯೂರಿ. ಪ್ರತಿ ವರ್ಷ ಅದೇ ಮೇರಿ ಕ್ಯೂರಿ. "ನಿಮ್ಮಪ್ಪ ಇಳಿಯುವ ಗಣಿಯ ಪ್ರಯೋಗಗಳಲ್ಲಿ ನಮ್ಮ ದೇಶದ ಒಬ್ಬ ಹೆಂಗಸೂ ಪಾಲುಗೊಂಡಿದ್ದರು, ಕಣ್ರೇ" ಎಂದು ಒಂದು ದಿನವೂ ಹೇಳಲಿಲ್ಲ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ನೆಪ ಮಾತ್ರ. ಮೇರಿ ಕ್ಯೂರಿ ಒಬ್ಬರು ಇದ್ದರಲ್ಲ, ಸಾಕು ಎಂದುಕೊಂಡೆ. ಹುಡುಕಲಿಲ್ಲ. ದೊಡ್ಡ ಗ್ರಹ ಹತ್ತಿರ ಇರಲಾರದು ಎಂದುಕೊಂಡು ಹತ್ತಿರ ನೋಡದೇ ಹೋದ ವಿಜ್ಞಾನಿಗಳ ಸಾಲಿನಲ್ಲಿ ನಾನೂ ನಿಲ್ಲಬೇಕು. ಆ ಗಣಿ 2001ರಲ್ಲಿ ಮುಚ್ಚಿತು. ಆ ಹುಡುಗಿಯರು ಈಗ ತಾಯಂದಿರು.

ಇದೆಲ್ಲ ಹಳೆಯ ಕಥೆ, ಈಗ ಕಾಲ ಬದಲಾಗಿದೆ ಎನ್ನುವವರಿದ್ದಾರೆ. 2014ರಲ್ಲಿ ಮಂಗಳಯಾನ ಯಶಸ್ವಿಯಾದಾಗ ಪತ್ರಿಕೆಗಳಲ್ಲಿ ಬಂದ ಆ ಚಿತ್ರವನ್ನು ತೋರಿಸುತ್ತಾರೆ, ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ನಗುತ್ತಿರುವ ಇಸ್ರೋ ಹೆಂಗಸರು. ನನಗೂ ಆ ಚಿತ್ರ ಇಷ್ಟ. ಆದರೆ ಅವರು ಅಲ್ಲಿಗೆ ತಲುಪಿದ್ದು ಯಾರೋ ಹೆಸರಿಟ್ಟದ್ದರಿಂದ ಅಲ್ಲ. ಅವರಲ್ಲಿ ಒಬ್ಬೊಬ್ಬರ ಹಿಂದೆಯೂ ಫೀಸು ಕಟ್ಟಿದವರು, ರಾತ್ರಿ ಓದಲು ದೀಪ ಬಿಟ್ಟವರು, ಮಗುವನ್ನು ನೋಡಿಕೊಂಡವರು ಯಾರಾದರೂ ಇದ್ದೇ ಇರಬೇಕು. ಚಿತ್ರದಲ್ಲಿ ಅವರು ಕಾಣುವುದಿಲ್ಲ.

ಕಾಲ ಎಷ್ಟು ಬದಲಾಗಿದೆ ಎಂಬುದು ಆ ಸಭೆಯಾಗಿ ಮೂರು ತಿಂಗಳಿಗೆ ನಮ್ಮ ಮನೆಯಲ್ಲೇ ಗೊತ್ತಾಯಿತು. ನನ್ನ ತಮ್ಮನ ಮಗಳಿಗೆ ಹೊರರಾಜ್ಯದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ.ಗೆ ಸೀಟು ಬಂತು. ಪ್ರವೇಶ ಪರೀಕ್ಷೆ ಬರೆದು ತಾನೇ ಗಿಟ್ಟಿಸಿದ್ದು. ಹದಿನೈದು ದಿನದಲ್ಲಿ ಫೀಸು ಕಟ್ಟಬೇಕು. ಅದೇ ವಾರ ಒಂದು ಸಂಬಂಧವೂ ಬಂತು. ತಮ್ಮ ಜಾತಕ ಹಿಡಿದುಕೊಂಡು ಬಂದ.

"ಅಕ್ಕಾ, ನಿನಗೇ ಗೊತ್ತಲ್ಲ, ಇವಳಿಗೆ ಕುಜದೋಷ. ಹುಡುಗನಿಗೂ ಕುಜ ಇದ್ದಾನೆ, ಸರಿಹೋಗುತ್ತೆ. ಇಂಥ ಜಾತಕ ಮತ್ತೆ ಸಿಗುತ್ತೋ ಇಲ್ಲವೋ. ಓದು ಆಮೇಲೂ ಆಗುತ್ತೆ."

ಓದು ಆಮೇಲೂ ಆಗುತ್ತೆ! ಈ ಮಾತನ್ನು ನನ್ನ ಅಪ್ಪ ನನಗೂ ಹೇಳಿದ್ದರು, ಬಿ.ಎಸ್ಸಿ. ಮುಗಿದ ವರ್ಷ. ನನ್ನ ಆ "ಆಮೇಲೆ" ಇನ್ನೂ ಬಂದಿಲ್ಲ. ಮದುವೆ ಆಮೇಲೂ ಆಗುತ್ತೆ, ಮೊದಲು ಓದಲಿ ಎಂದು ಹೆಣ್ಣಿನ ವಿಷಯದಲ್ಲಿ ಹೇಳಿದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ.

ಈ ಕುಜನೆಂದರೆ ಯಾರು? ಕೆಂಪಗೆ ಉರಿಯುವವನು, ಉಗ್ರ, ಹುಡುಗಿಯ ಏಳನೇ ಮನೆಯಲ್ಲಿ ಕೂತರೆ ಗಂಡನಿಗೆ ಕೇಡು ಎಂದು ನಾವು ನಡುಗುವ ಮಂಗಳ ಗ್ರಹ. ನಿಜವಾದ ಮಂಗಳ ಉರಿಯುತ್ತಿಲ್ಲ. ಅಲ್ಲಿಯ ಸರಾಸರಿ ಶಾಖ ಸೊನ್ನೆಗಿಂತ ಅರವತ್ತು ಡಿಗ್ರಿಯಷ್ಟು ಕೆಳಗೆ. ಕೆಂಪು ಕಾಣುವುದು ಮಣ್ಣಿನಲ್ಲಿರುವ ಕಬ್ಬಿಣದ ತುಕ್ಕಿನಿಂದ. ನಿಜಕ್ಕೂ ಉರಿಯುವ ಗ್ರಹ ಬೇಕೆಂದರೆ ಸಂತಮಸ ಇದೆ, ಸಾವಿರ ಡಿಗ್ರಿ ಮೀರಿದ್ದು, ಗುರುವಿಗಿಂತ ಭಾರವಾದದ್ದು. ಅದು ಯಾರ ಜಾತಕದ ಯಾವ ಮನೆಯಲ್ಲೂ ಇಲ್ಲ. 2006ಕ್ಕೆ ಮುಂಚೆ ಅದು ಇದೆಯೆಂದೇ ಯಾರಿಗೂ ಗೊತ್ತಿರಲಿಲ್ಲ. ಹಾಗಿದ್ದೂ ಯಾರ ಗಂಡನಿಗೂ ಏನೂ ಆಗಲಿಲ್ಲ. ಗ್ರಹಕ್ಕೆ ನಮ್ಮ ಮಕ್ಕಳ ಮದುವೆ ಕಟ್ಟಿಕೊಂಡು ಆಗಬೇಕಾದ್ದೇನು?

ಒಂದೇ ಆಕಾಶವನ್ನು ನಾವು ಎರಡು ರೀತಿಯಲ್ಲಿ ಬಳಸುತ್ತಿದ್ದೇವೆ. ಬದುಕಿರುವ ಹುಡುಗಿಯನ್ನು ತಡೆಯಲು ಅಲ್ಲಿಂದ ಒಂದು ಗ್ರಹವನ್ನು ಇಳಿಸುತ್ತೇವೆ, ಸತ್ತುಹೋದ ಹೆಂಗಸನ್ನು ಹೊಗಳಲು ಅಲ್ಲಿಗೆ ಒಂದು ಹೆಸರನ್ನು ಏರಿಸುತ್ತೇವೆ. ಬೇಕಾದ ಪ್ಲೇಟನ್ನು ಮಾತ್ರ ಬೇಕಾದಾಗ ಕೊಡುವುದಿಲ್ಲ. ಸಂಸ್ಕೃತದಲ್ಲಿ ಸಂತಮಸ ಎಂದರೆ ಎಲ್ಲೆಡೆ ಕವಿದ ಕತ್ತಲೆ. ಆ ಗ್ರಹದ ಮೇಲೆ ಮೋಡ ಮುಸುಕಿರಬಹುದು ಎಂಬ ಊಹೆಯಿಂದ ಹೆಸರಿಟ್ಟರಂತೆ. ಅಲ್ಲಿ ಮುಸುಕಿದೆಯೋ ಇಲ್ಲವೋ, ಇಲ್ಲಿ ಮುಸುಕಿರುವುದನ್ನು ನಾನು ಬಲ್ಲೆ.

ತಮ್ಮನ ಹತ್ತಿರ ವಾದ ಮಾಡಿದೆ. ಅವನು ಕೆಟ್ಟವನಲ್ಲ. ಮಗಳೆಂದರೆ ಪ್ರಾಣ. ಹೆದರಿದ್ದಾನೆ, ಅಷ್ಟೆ. ನಮ್ಮಲ್ಲಿ ಹೆಣ್ಣುಮಕ್ಕಳ ಓದು ನಿಲ್ಲುವುದು ಕೆಟ್ಟವರಿಂದಲೇ ಅಲ್ಲ. ಹೆದರಿದ ಒಳ್ಳೆಯವರಿಂದಲೂ ನಿಲ್ಲುತ್ತದೆ. ಕೊನೆಗೆ ನನ್ನ ಪೆನ್ಷನ್ ಹಣದಲ್ಲಿ ಮೊದಲ ಕಂತಿನ ಫೀಸನ್ನು ನಾನೇ ಕಟ್ಟಿದೆ. ತಮ್ಮ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟ. ಹುಡುಗಿಯನ್ನು ಹಾಸ್ಟೆಲ್ಲಿಗೆ ಬಿಡುವ ದಿನ ಮಾತ್ರ ಟ್ರಂಕನ್ನು ತಾನೇ ಹೊತ್ತು ಸ್ಟೇಷನ್ನಿಗೆ ಬಂದ. ರೈಲು ಹೊರಟಾಗ ಅವಳು ಕಿಟಕಿಯಿಂದ, "ಅತ್ತೆ, ಅಪ್ಪನ್ನ ನೋಡ್ಕೊಳ್ಳಿ" ಎಂದಳು. ಅವಳು ಮುಂದೆ ಏನಾಗುತ್ತಾಳೋ ನನಗೆ ಗೊತ್ತಿಲ್ಲ. ವಿಜ್ಞಾನಿಯಾಗದೆ ಹೋದರೂ ಸರಿಯೆ. ಅದನ್ನು ಅವಳ ಬುದ್ಧಿ, ಅವಳ ಇಷ್ಟ ತೀರ್ಮಾನಿಸಲಿ. ಕುಜ ಬೇಡ.

ಈಗ ಅತಿಥಿಗಳ ಪ್ರಶ್ನೆಗೆ ಉತ್ತರ. ಇನ್ನೇನು ಬೇಕು ನಿಮಗೆ ಎಂದಿರಲ್ಲ, ಪಟ್ಟಿ ಬರೆದುಕೊಳ್ಳಿ.

ಮನೆಯಲ್ಲಿ ಗಂಡು ಹುಡುಗನಿಗೆ ಒಂದು ಮೇಜಿದ್ದರೆ ಹೆಣ್ಣು ಹುಡುಗಿಗೂ ಒಂದು ಮೇಜು ಬೇಕು, ಒಲೆಯ ಪಕ್ಕದಲ್ಲಲ್ಲ. ಪರೀಕ್ಷೆಯ ಹಿಂದಿನ ದಿನ ಮನೆಗೆ ನೆಂಟರು ಬಂದರೆ ಅವಳನ್ನು ಕಾಫಿಗೆ ಎಬ್ಬಿಸದೆ ಇರಬೇಕು. ಹೈಸ್ಕೂಲುಗಳಲ್ಲಿ ಬೀಗ ಹಾಕಿ ಇಟ್ಟಿರುವ ಪ್ರಯೋಗಶಾಲೆಯ ಬೀರುಗಳನ್ನು ತೆರೆಯಬೇಕು. ನಾನೂ ಗಾಜು ಒಡೆದೀತೆಂದು ಬೀಗ ಹಾಕಿದವಳೇ. ಒಡೆಯಲಿ ಬಿಡಿ. ಹೆಣ್ಣುಮಕ್ಕಳ ಹಾಸ್ಟೆಲ್ಲು ಬೇಕು, ಅದರಲ್ಲಿ ನೀರು ಬರಬೇಕು. ಸಂಜೆ ಏಳಕ್ಕೆ ಬಾಗಿಲು ಮುಚ್ಚುವ ಹಾಸ್ಟೆಲ್ಲಿನಿಂದ ಆಕಾಶ ನೋಡುವುದು ಹೇಗೆ? ಮದುವೆಗೆ ಕೂಡಿಟ್ಟ ಹಣದಲ್ಲಿ ಮೊದಲ ಪಾಲು ಫೀಸಿಗೆ ಹೋಗಬೇಕು. ಕೆಲಸಕ್ಕೆ ಸೇರಿದ ಮೇಲೆ ಉಪಕರಣ, ಹಣ, ಅನುಮತಿ ಹಂಚುವ ಮೇಜಿನ ಆ ಕಡೆ ಅವಳೂ ಕೂತಿರಬೇಕು. ಪ್ರಶಸ್ತಿ ಕೊಡುವುದಿದ್ದರೆ ಕೈಯಲ್ಲಿ ತೆಗೆದುಕೊಳ್ಳುವ ವಯಸ್ಸಿನಲ್ಲಿ ಕೊಡಬೇಕು. ಇಷ್ಟೆಲ್ಲ ಆದಮೇಲೆ ನಕ್ಷತ್ರಕ್ಕೂ ಹೆಸರಿಡಿ, ಬೇಡ ಎನ್ನುವುದಿಲ್ಲ.

ನಮ್ಮ ಸಮಾಜದ ಕಾರ್ಯದರ್ಶಿಗೆ ಹೇಳಿದ್ದೇನೆ, ಮುಂದಿನ ಮಾರ್ಚ್ 8ಕ್ಕೆ ಅದೇ ಅತಿಥಿಗಳನ್ನು ಕರೆಯಿರಿ, ಮುಂದಿನ ಸಾಲಿನಲ್ಲಿ ಕೂರಿಸಿ, ಪಾನಕ ಕೊಡಿ ಎಂದು. ಭಾಷಣ ಮಾತ್ರ ಈ ಸಲ ನನ್ನದು.